ಸಿಂಹನ ಬಾಯಿ, ಅತ್ತಿಗೆಯ ಗಂಟಲು

ನಮ್ಮ ಬೀದಿಯ ಹಾಸಿಗೆ ಅಂಗಡಿಯ ಕಿರಿಮಗನನ್ನು ಊರೆಲ್ಲ ಸಿಂಹ ಎಂದು ಕರೆಯುತ್ತಿತ್ತು. ಭುಜದ ಮೇಲೆ ಚೆಲ್ಲಿದ ಕೂದಲು ಅದಕ್ಕೆ ಅರ್ಧ ಕಾರಣ. ಇನ್ನರ್ಧ ಕಾರಣ ಒಂದು ಕೂಗು. ಶನಿವಾರ ಸಂಜೆ ಹಳೆಯ ಗೋದಾಮಿನ ಹಾಲಿನಲ್ಲಿ ಅವನ ‘ಬಿರುಗಾಳಿ’ ಬ್ಯಾಂಡಿನ ರಾಕ್ ಕಛೇರಿ ನಡೆಯುವಾಗ ಪ್ರತಿ ಹಾಡಿನ ನೆತ್ತಿಯಲ್ಲಿ ಆ ಕೂಗು ಬರುತ್ತಿತ್ತು. ಕೇಳದವರಿಗೆ ಹೇಗೆ ಹೇಳುವುದು? ಅದು ಹೊರಟಿತೆಂದರೆ ಹಾಲಿನ ತಗಡಿನ ಮಾಡು ಗೇಣುದ್ದ ಮೇಲೆದ್ದು, ಮುಗಿದ ಮೇಲೆ ಸಾವಕಾಶವಾಗಿ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಆ ಸಂದಿನಲ್ಲಿ ಒಳಗೆ ನುಗ್ಗಿದ ಪಾರಿವಾಳಗಳು ಹೊರಗೆ ಹೋಗಲು ಮುಂದಿನ ಹಾಡಿನ ತನಕ ಕಾಯಬೇಕಾಗುತ್ತಿತ್ತು. ಮುಂದಿನ ಸಾಲಿನಲ್ಲಿ ಮೀಸೆ ಹೊತ್ತ ಗಂಡಸರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಸಿಂಹನಾದರೋ ತಲೆ ಕೆಳಗೆ ಹಾಕಿ, ಕೂದಲನ್ನೆಲ್ಲ ಮುಖದ ಮೇಲೆ ಸುರಿದುಕೊಂಡು, ಮೈಕನ್ನು ಎರಡು ಕೈಯಲ್ಲಿ ಹಿಂಡುತ್ತ ಗಡಗಡ ನಡುಗುತ್ತಿದ್ದ.

ನಡುಗುತ್ತಿದ್ದದ್ದು ನಿಜ. ಕೂಗುತ್ತಿದ್ದವನು ಮಾತ್ರ ಅವನಲ್ಲ.

ಕೂಗು ಅವನ ಅಣ್ಣನ ಹೆಂಡತಿಯದು. ಅವಳನ್ನು ಬ್ಯಾಂಡಿನವರೆಲ್ಲ ಅತ್ತಿಗೆ ಎನ್ನುತ್ತಿದ್ದರು. ಅವರು ಎಂದದ್ದಕ್ಕೆ ಬೀದಿಯೂ ಅಂದಿತು. ಕೊನೆಗೆ ಅವಳಿಗಿಂತ ಹಿರಿಯರೂ ಅತ್ತಿಗೆ ಎಂದು ಕರೆಯುವಂತಾಗಿ, ಹೆತ್ತವರು ಇಟ್ಟ ಹೆಸರು ಯಾವುದೋ ಪೆಟ್ಟಿಗೆಯ ತಳ ಸೇರಿತು. ಅವಳು ಹುಟ್ಟಿದ್ದು ಹೊಳೆಯ ಆಚೆ ದಡದ ಒಂಟಿಮನೆಯಲ್ಲಿ. ತಂದೆ ದೋಣಿ ನಡೆಸುತ್ತಿದ್ದ. ಯಾರಾದರೂ ದಾಟಬೇಕೆಂದು ಬಂದಾಗ ಅಪ್ಪ ಈಚೆ ದಡದಲ್ಲಿದ್ದರೆ ಅವನನ್ನು ಕೂಗಿ ಕರೆಯುವುದು ಈ ಹುಡುಗಿಯ ಕೆಲಸ. ಹೊಳೆ ತುಂಬಿ ಮೊರೆಯುವ ಕಾಲದಲ್ಲೂ ಅವಳ ಕೂಗು ನೀರಿನ ಸದ್ದನ್ನು ಬೆಣ್ಣೆಯಂತೆ ಸೀಳಿಕೊಂಡು ಹೋಗುತ್ತಿತ್ತಂತೆ. ಗಾಳಿ ಎದುರಾದರೆ ಗಾಳಿಯೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತಂತೆ. ಅದನ್ನು ನಾನು ಕಂಡವನಲ್ಲ, ಆದರೆ ಆಮೇಲೆ ಕೇಳಿದ್ದನ್ನು ನೆನೆದರೆ ನಂಬದೆ ಇರಲೂ ಆಗುವುದಿಲ್ಲ.

ಮದುವೆಯಾಗಿ ಬಂದದ್ದು ಹಾಸಿಗೆ ಅಂಗಡಿಗೆ. ಕೆಳಗೆ ಅಂಗಡಿ, ಮೇಲೆ ಮನೆ, ಹಿಂದೆ ದಾಸ್ತಾನು ಕೋಣೆ. ಗಂಡ ಹತ್ತಿ ಬಡಿಯುವವನು. ಹಗಲೆಲ್ಲ ಎರಡು ಕೋಲು ಹಿಡಿದು ಹತ್ತಿ ಬಡಿದ ಕೈಗೆ ಸಂಜೆ ಡ್ರಮ್ ಬಾರಿಸುವುದು ವಿಶ್ರಾಂತಿ. ಅತ್ತಿಗೆ ದೊಡ್ಡ ಮಷಿನ್ನಿನಲ್ಲಿ ಅಂಚು ಹೊಲಿಯುತ್ತಿದ್ದಳು, ದಬ್ಬಣ ಹಿಡಿದು ಹಾಸಿಗೆಯ ಹೊಟ್ಟೆಯೊಳಗಿಂದ ಬೆನ್ನಿಗೆ ದಾರ ಎಳೆದು ಗುಂಡಿ ಕೂರಿಸುತ್ತಿದ್ದಳು. ಬ್ಯಾಂಡಿನ ಅಭ್ಯಾಸ ನಡೆಯುತ್ತಿದ್ದದ್ದು ದಾಸ್ತಾನು ಕೋಣೆಯಲ್ಲಿ, ಮಾಡಿನ ತನಕ ಪೇರಿಸಿದ ಹಾಸಿಗೆಗಳ ನಡುವೆ. ಹಾಸಿಗೆಗಳು ಸದ್ದನ್ನು ನುಂಗುತ್ತವೆ. ಅಲ್ಲಿ ಫಿರಂಗಿ ಹಾರಿಸಿದರೂ ಹೊರಗೆ ಮಲಗಿದ ಬೆಕ್ಕು ಮಗ್ಗುಲು ಬದಲಿಸುತ್ತಿರಲಿಲ್ಲ. ಆ ಕೋಣೆಯಲ್ಲಿ ಒಂದು ದಿನ ಸಿಂಹ ಹಾಡಿನ ಮೇಲಿನ ಸ್ವರಕ್ಕೆ ಹತ್ತಲು ಹೋಗಿ, ಏಣಿಯ ಅರ್ಧದಿಂದ ಜಾರಿದವನಂತೆ ಕೆಮ್ಮುತ್ತ ಕುಸಿದ. ಹಾಸಿಗೆಗಳ ಆಚೆ ಗುಂಡಿ ಕೂರಿಸುತ್ತಿದ್ದ ಅತ್ತಿಗೆ, ಅರ್ಧಕ್ಕೆ ನಿಂತ ಕೆಲಸ ಕಂಡರೆ ಸುಮ್ಮನಿರಲಾರದವಳು, ಕೂತಲ್ಲಿಂದಲೇ ಆ ಸ್ವರವನ್ನು ಎತ್ತಿ ಮುಗಿಸಿದಳು. ಹಾಸಿಗೆಗಳಿಗೆ ಅಷ್ಟನ್ನು ನುಂಗಿ ಅಭ್ಯಾಸವಿರಲಿಲ್ಲ. ಮೇಲಿನ ಎರಡು ಉರುಳಿ ಬಿದ್ದವು.

ಗಿಟಾರ್ ಹಿಡಿದಿದ್ದ ಹಲ್ಲು ಡಾಕ್ಟರು (ಅವರು ನಿಜಕ್ಕೂ ಹಲ್ಲು ಕೀಳುವ ಡಾಕ್ಟರೇ) ಬೆರಗಾಗಿ ಇದನ್ನು ಹಾಡಿನಲ್ಲೇ ಇಟ್ಟುಬಿಡೋಣ ಎಂದರು. ಸಿಂಹನೂ ಒಪ್ಪಿದ. ಒಂದೇ ಷರತ್ತು ಹಾಕಿದ. ಜನರ ಕಣ್ಣು ಚದುರಬಾರದು. ಆದ್ದರಿಂದ ಅತ್ತಿಗೆ ಡ್ರಮ್ಮಿನ ಪಕ್ಕ ಕತ್ತಲಲ್ಲಿ ನಿಲ್ಲಬೇಕು. ಉಳಿದ ಹೊತ್ತು ಎಲ್ಲರ ಜೊತೆ ಹೂಂಗುಟ್ಟಬಹುದು. ಕೂಗಿನ ಹೊತ್ತಿಗೆ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು, ಜನರಿಗೆ ಬೆನ್ನು ತಿರುಗಿಸಿ, ಗಂಡನ ಡ್ರಮ್ಮಿನ ಕಡೆಗೆ ಬಾಗಿ ಕೂಗಬೇಕು. ಈ ಶನಿವಾರ ಒಂದು ಸಲ, ತನ್ನ ಗಂಟಲು ಸರಿಹೋಗುವ ತನಕ ಎಂದ.

ಗಂಟಲು ಸರಿಹೋಗುವುದಕ್ಕೆ ವರ್ಷಗಟ್ಟಲೆ ಹಿಡಿಯಿತು. ಸರಿಹೋಗಿದೆ ಎಂದು ಈಗಲೂ ಯಾರೂ ಹೇಳಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ನನಗೆ ಅನ್ನ ಜೀರ್ಣವಾಗುವುದಿಲ್ಲ. ಆ ದಾಸ್ತಾನು ಕೋಣೆಯ ಗೋಡೆಯ ತುಂಬ ಸಿಂಹ ದೊಡ್ಡ ದೊಡ್ಡ ಪೋಸ್ಟರು ಅಂಟಿಸಿದ್ದ. ಅವರೆಲ್ಲ ದೂರ ದೇಶಗಳ ರಾಕ್ ಗಾಯಕರು, ಎಲ್ಲರೂ ಒಂದು ಕಾಲದಲ್ಲಿ ಬ್ಯಾಂಡಿನಲ್ಲಿದ್ದು ಆಮೇಲೆ ಬಿಟ್ಟು ಬಂದು ಒಂಟಿಯಾಗಿ ಗೆದ್ದವರು. ಡ್ರಮ್ಮಿನ ಹಿಂದಿನಿಂದ ಎದ್ದು ಬಂದು ತಾನೇ ಮೈಕು ಹಿಡಿದವನು ಒಬ್ಬ. ಜಗಳವಾಡಿ ಹೊರಬಿದ್ದು, ಹಳೆಯ ಬ್ಯಾಂಡಿನ ಹೆಸರೇ ಜನ ಮರೆಯುವಂತೆ ಮಾಡಿದವನು ಇನ್ನೊಬ್ಬ. ಹೆಂಗಸರೂ ಇದ್ದರು. ಹೊಸಬರು ಯಾರು ಕೋಣೆಗೆ ಬಂದರೂ ಸಿಂಹ ಅವರ ಮುಂದೆ ಭಾಷಣ ಮಾಡುತ್ತಿದ್ದ. ಗುಂಪಿನಲ್ಲಿ ಇರುವ ತನಕ ಕಲಾವಿದ ಕಾಲುಭಾಗ, ಬಿಟ್ಟು ಬಂದ ದಿನ ಪೂರ್ತಿಯಾಗುತ್ತಾನೆ, ಧೈರ್ಯ ಬೇಕು ಅದಕ್ಕೆ, ಗುಂಡಿಗೆ ಬೇಕು ಎನ್ನುತ್ತಿದ್ದ. ತಿಂಗಳಿಗೊಮ್ಮೆ ತಾನೂ ಬ್ಯಾಂಡ್ ಬಿಡುವುದಾಗಿ ಹೆದರಿಸಿ, ಊಟದ ಹೊತ್ತಿಗೆ ವಾಪಸ್ಸು ಬರುತ್ತಿದ್ದ. ಅತ್ತಿಗೆ ಆ ಭಾಷಣವನ್ನು ಹೊಲಿಗೆಯ ಸದ್ದಿನ ನಡುವೆ ಕೇಳುತ್ತ ಕೇಳುತ್ತ ಬಾಯಿಪಾಠ ಮಾಡಿಕೊಂಡಿದ್ದಳು. ಅವಳದೇ ಕೆಲವು ಹಾಡುಗಳೂ ಆಗಿದ್ದವು, ಮಷಿನ್ನಿನ ತಾಳಕ್ಕೆ ಕಟ್ಟಿದವು. ಹಾಡುತ್ತೇನೆ ಎಂದಾಗಲೆಲ್ಲ ಸಿಂಹ, ಮುಂದಿನ ಸಲ ನೋಡೋಣ ಅತ್ತಿಗೆ, ಎನ್ನುತ್ತಿದ್ದ.

ಹೀಗಿರುವಾಗ ಊರಿನ ರೇಡಿಯೋದವರು ಸಿಂಹನನ್ನು ಮಾತಿಗೆ ಕರೆದರು. ಅಂಗಡಿಯಲ್ಲಿ ಎಲ್ಲರೂ ರೇಡಿಯೋ ಸುತ್ತ ಕೂತರು. ಆ ಕೂಗು ಎಲ್ಲಿಂದ ಬರುತ್ತದೆ ಎಂದು ನಿರೂಪಕಿ ಕೇಳಿದಳು. ಸಿಂಹ ಒಂದು ದೀರ್ಘ ಉಸಿರು ಬಿಟ್ಟ. ಅದು ಗಂಟಲಿನಿಂದ ಬರುವುದಲ್ಲ, ಒಳಗಿನ ಗಾಯದಿಂದ ಬರುತ್ತದೆ, ಪ್ರತಿ ಸಲ ಕೂಗಿದಾಗಲೂ ತಾನು ಸ್ವಲ್ಪ ಸ್ವಲ್ಪ ಸಾಯುತ್ತೇನೆ ಎಂದ. ಗಾಯವಂತೆ. ಆ ಮನುಷ್ಯನ ಮೈಮೇಲೆ ಸೊಳ್ಳೆ ಕಚ್ಚಿದ ಗುರುತು ಕೂಡ ಇರಲಿಲ್ಲ. ಅತ್ತಿಗೆ ಅದನ್ನೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ನಿರೂಪಕಿ ಕೊನೆಗೆ, ಡ್ರಮ್ ಪಕ್ಕ ನಿಲ್ಲುವ ಆ ಹೆಂಗಸು ಯಾರು ಎಂದಳು.

“ಅವರಾ? ನಮ್ಮತ್ತಿಗೆ. ಕಾರ್ಯಕ್ರಮ ಆದ್ಮೇಲೆ ವೈರು ಸುತ್ತಿಡ್ತಾರೆ.”

ಅತ್ತಿಗೆಯ ಕೈಯಲ್ಲಿದ್ದ ದಬ್ಬಣ ಹಾಸಿಗೆಯೊಳಗೆ ಹೋಯಿತು, ಆಚೆ ಬದಿಯಿಂದ ಬರಲಿಲ್ಲ. ಉಂಡೂ ಹೋದ, ಕೊಂಡೂ ಹೋದ ಎನ್ನುತ್ತಾರಲ್ಲ, ಇವನು ಎಲೆಯನ್ನೂ ಅವಳ ಕೈಯಲ್ಲೇ ಎತ್ತಿಸಿದ್ದ.

ಊಟಕ್ಕೆ ಕೂತಾಗ ಅತ್ತಿಗೆ ತಾನಿನ್ನು ಬ್ಯಾಂಡಿಗೆ ಬರುವುದು ಈ ತಿಂಗಳ ತನಕ ಮಾತ್ರ, ಆಮೇಲೆ ಒಂಟಿಯಾಗಿ ಹಾಡುತ್ತೇನೆ ಎಂದು ಹೇಳಿದಳು. ಸಿಂಹ ಮೊದಲು ನಕ್ಕ. ಅವಳು ನಗದೆ ಇದ್ದದ್ದು ಕಂಡು ತಟ್ಟೆ ದೂಡಿದ.

“ಬ್ಯಾಂಡ್ ಅಂದ್ರೆ ಮನೆ ಇದ್ದ ಹಾಗೆ ಅತ್ತಿಗೆ. ಮನೆ ಬಿಟ್ಟು ಹೋಗ್ತಾರಾ ಯಾರಾದ್ರೂ?”

“ನಿನ್ನ ಗೋಡೆ ಮೇಲಿರೋರೆಲ್ಲ ಮನೆ ಬಿಟ್ಟೋರೇ ಅಲ್ವೇನೋ. ಅವರಿಗೆ ದಿನಾ ಕೈ ಮುಗೀತೀಯ.”

“ಅವರು ಕಲಾವಿದರು.”

“ಮತ್ತೆ ನಾನು?”

ಸಿಂಹ ಸ್ವಲ್ಪ ಯೋಚಿಸಿ, “ನೀವು ಅತ್ತಿಗೆ,” ಎಂದ.

ನೋಡಿ, ಗೋಡೆಯ ಮೇಲೆ ಬಿಟ್ಟುಹೋದವರೆಲ್ಲ ದೇವರು, ಅಡುಗೆಮನೆಯಲ್ಲಿ ಬಿಟ್ಟುಹೋಗುವವಳು ಮಾತ್ರ ದ್ರೋಹಿ. ಮಧ್ಯೆ ಬಾಯಿ ಹಾಕಿದ್ದು ಅವನ ತಾಯಿ. ಆಕೆಗೆ ಎಲ್ಲ ಮೊದಲಿಂದ ಗೊತ್ತಿತ್ತು. ಹೆತ್ತವಳಿಗೆ ಮಗನ ಗಂಟಲು ಎಷ್ಟು ಎತ್ತರ ಹೋಗುತ್ತದೆಂದು ತಿಳಿಯದೆ ಇರುತ್ತದೆಯೇ? “ಯಾರು ಕೂಗಿದ್ರೇನಮ್ಮ,” ಎಂದಳು ಸೊಸೆಗೆ, ಅನ್ನ ಬಡಿಸುತ್ತ. “ಕೂಗು ಮನೇದೇ ಅಲ್ವಾ.” ಮನೆಯದಂತೆ. ಹಾಗಾದರೆ ಮನೆಯ ಹೆಸರಿನಲ್ಲಿ ಕಂಬವೇ ಕೂಗಬಹುದಿತ್ತು, ಅಥವಾ ಕದ. ಗಂಡನನ್ನು ಎಲ್ಲರೂ ನೋಡಿದರು. ಅವನು ಅಡ್ಡಗೋಡೆಯ ಮೇಲೆ ದೀಪವಿಡುವ ಕೆಲಸದಲ್ಲಿ ನಿಪುಣ. ನೀರು ಕುಡಿದು, “ನೋಡೋಣ,” ಎಂದು ಎದ್ದು ಕೈ ತೊಳೆಯಲು ಹೋದ. ಅವನು ಮದುವೆಗೆ ಒಪ್ಪಿದಾಗಲೂ ಅದೇ ಮಾತು ಹೇಳಿದ್ದನಂತೆ.

ಹಲ್ಲು ಡಾಕ್ಟರು ಮಾತ್ರ ಗುಟ್ಟಾಗಿ ಒಂದು ಹಳೆಯ ಗಿಟಾರ್ ಕೊಟ್ಟು, ಮಧ್ಯಾಹ್ನ ರೋಗಿಗಳು ಇಲ್ಲದ ಹೊತ್ತಿನಲ್ಲಿ ಬೆರಳು ಇಡುವುದನ್ನು ಕಲಿಸಿದರು. ಹಲ್ಲಿನ ಕುರ್ಚಿಯಲ್ಲಿ ಕೂತು ಅವಳು ಬಾರಿಸುತ್ತಿದ್ದಳು. ಹೊರಗೆ ಕಾಯುತ್ತಿದ್ದವರು ಒಳಗಿನ ಕೂಗು ಕೇಳಿ, ಹಲ್ಲು ನೋವು ಅಲ್ಲಿಯೇ ವಾಸಿಯಾಗಿ ಮನೆಗೆ ಹೋಗುತ್ತಿದ್ದರು. ಡಾಕ್ಟರ ಸಂಪಾದನೆಗೆ ಆ ತಿಂಗಳು ಚೆನ್ನಾಗಿ ಏಟು ಬಿತ್ತು.

ಹಾಲಿನ ಯಜಮಾನ ಅತ್ತಿಗೆಗೆ ಬುಧವಾರ ಸಂಜೆ ಕೊಟ್ಟ. ಬುಧವಾರ ಆ ಹಾಲಿನಲ್ಲಿ ಇಲಿಗಳಿಗೂ ರಜೆ. ಆದರೂ ಸಿಂಹನ ಅತ್ತಿಗೆ ಏನು ಮಾಡುತ್ತಾಳೆಂಬ ಕುತೂಹಲಕ್ಕೆ ಜನ ತುಂಬಿದರು. ಅವಳು ಒಬ್ಬಳೇ ಗಿಟಾರ್ ಹಿಡಿದು ವೇದಿಕೆಯ ಮಧ್ಯ ನಿಂತಳು. ಹಾಡು ಕಳೆಗಟ್ಟಿತು. ಜನ ಕಾಲು ಕುಟ್ಟತೊಡಗಿದರು. ಕೂಗು ಬರುವ ಜಾಗ ಹತ್ತಿರವಾಯಿತು. ಆಗ ಆಗಬಾರದ್ದು ಆಯಿತು. ವರ್ಷಗಳಿಂದ ಕಲಿತ ಕಾಲುಗಳು ಅವಳನ್ನು ಕೇಳಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದವು. ಮೈ ತಾನಾಗಿ ತಿರುಗಿತು. ಜನರಿಗೆ ಬೆನ್ನು ಹಾಕಿ, ಡ್ರಮ್ಮೇ ಇಲ್ಲದ ಖಾಲಿ ಮೂಲೆಯ ಕಡೆಗೆ ಬಾಗಿ ಅವಳು ಕೂಗಿದಳು.

ಕೂಗು ಎಂದಿನಂತೆಯೇ ಇತ್ತು, ಮಾಡು ಎದ್ದಿತು, ಪಾರಿವಾಳಗಳು ಬಂದವು. ಆದರೆ ಜನ ನೋಡಿದ್ದೇನು? ಬಾಯಿ ಕಾಣದ ಒಂದು ಬೆನ್ನು, ಎಲ್ಲಿಂದಲೋ ಬಂದ ಸಿಂಹನ ಧ್ವನಿ. ಎಲ್ಲರೂ ಎದ್ದು ಅವನನ್ನು ಹುಡುಕಿದರು. ಪಕ್ಕದ ಬಾಗಿಲು ತೆಗೆದು ನೋಡಿದರು. ಒಬ್ಬನಂತೂ ವೇದಿಕೆಯ ಹಲಗೆಗಳ ಕೆಳಗೆ ತೆವಳಿ ಹೋಗಿ, ಜೇಡರ ಬಲೆ ಹೊತ್ತುಕೊಂಡು ಬಂದ. “ಸಿಂಹ, ಸಿಂಹ” ಎಂದು ಚಪ್ಪಾಳೆ ಹೊಡೆದರು. ತಿರುಗಿ ನಿಂತ ಅತ್ತಿಗೆ, ಅದು ನಾನೇ ಕೂಗಿದ್ದು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ, ರೆಕಾರ್ಡ್ ಹಾಕಿದ್ದಾಳೆ ಎಂದು ಯಾರೋ ತೀರ್ಪು ಕೊಟ್ಟಾಗಿತ್ತು.

ಮಾರನೆಯ ದಿನ ಊರಿನ ಪತ್ರಿಕೆ, ಮೈದುನನ ಧ್ವನಿ ಕದ್ದ ಅತ್ತಿಗೆ, ಎಂದು ಬರೆಯಿತು. ಓದಿ ನಾನು ಆ ಹಾಳೆಯನ್ನು ಎಂಟು ಮಡಿಕೆ ಮಾಡಿ ಕುಂಟುತ್ತಿದ್ದ ಮೇಜಿನ ಕಾಲಿಗೆ ಕೊಟ್ಟೆ. ಅದರಿಂದ ಯಾರಿಗಾದರೂ ಉಪಕಾರವಾದದ್ದು ಅಷ್ಟೇ. ಹಾಸಿಗೆ ಕೊಳ್ಳಲು ಬಂದ ಒಬ್ಬ ಹೆಂಗಸು, ದಿಂಬನ್ನು ಮೆತ್ತಗೆ ಒತ್ತಿ ನೋಡುತ್ತ, ಅನುಕರಣೆ ಕಲೆಯಲ್ಲ ತಂಗಿ, ನಿನ್ನ ಸ್ವಂತ ಧ್ವನಿ ಹುಡುಕಿಕೋ, ಎಂದು ಬುದ್ಧಿ ಹೇಳಿದಳು. ಒಬ್ಬಳ ಮನೆಯನ್ನೇ ದೋಚಿ, ಅವಳು ತನ್ನದೇ ಬಾಗಿಲು ತಟ್ಟಿದರೆ ಕಳ್ಳಿ ಎಂದು ಕೂಗುವ ಲೋಕ ಇದು. ಸಿಂಹ ಬಾಯಿ ತೆರೆದು ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ಆಡಲಿಲ್ಲ. ಅತ್ತಿಗೆ ಚಿಕ್ಕ ಮಕ್ಕಳಂತೆ ಮಾಡಿದ್ದಾರೆ, ತಾನು ಕ್ಷಮಿಸಿದ್ದೇನೆ ಎಂದು ಹೇಳಿಕೊಂಡು ತಿರುಗಿದ. ಕ್ಷಮಿಸಿದನಂತೆ. ಕೋಳಿಯ ಮೊಟ್ಟೆ ಕದ್ದವನು ಕೋಳಿಯನ್ನು ಕ್ಷಮಿಸಿದ ಹಾಗೆ.

ಆದರೆ ಶನಿವಾರಗಳು ಬರದೆ ಇರುತ್ತವೆಯೇ? ಮೊದಲ ಶನಿವಾರ ಸಿಂಹ ಕೊರಳಿಗೆ ಮಫ್ಲರು ಸುತ್ತಿಕೊಂಡು, ಗಂಟಲು ಕೆಟ್ಟಿದೆ ಎಂದ. ಎರಡನೆಯ ಶನಿವಾರ ಮಫ್ಲರು ಎರಡಾಯಿತು. ಮೂರನೆಯ ಶನಿವಾರಕ್ಕೆ ಮೊದಲು ಅವನು ಮಷಿನ್ನಿನ ಪಕ್ಕ ಬಂದು ನಿಂತ. ದೂರದ ಊರಿಂದ ದೊಡ್ಡ ಮಂದಿ ಬರುತ್ತಾರೆ, ಒಂದೇ ಸಲ ಹಿಂದೆ ನಿಂತುಕೊಡಿ, ಆಮೇಲೆ ನಿಮ್ಮ ದಾರಿ ನಿಮಗೆ ಎಂದು ಅಂಗಲಾಚಿದ. ಅತ್ತಿಗೆ ಕಾಲನ್ನು ಪೆಡಲಿನಿಂದ ತೆಗೆಯಲಿಲ್ಲ.

“ಮೊದ್ಲು ಜನರ ಮುಂದೆ ಹೇಳು, ಕೂಗು ನಂದು ಅಂತ. ಆಮೇಲೆ ಶನಿವಾರ ಏನು, ವಾರವೆಲ್ಲ ಬರ್ತೀನಿ.”

“ಅದನ್ನ ಹೇಳಿದ್ರೆ ನಾನು ಏನಾಗಿ ಉಳೀಲಿ ಅತ್ತಿಗೆ?”

“ಹಾಡೋಕೆ ಬರೋ ಮೈದುನ ಆಗಿ. ಕೆಳಗಿನ ಸ್ವರ ನಿಂಗೆ ಚೆನ್ನಾಗೇ ಬರತ್ತೆ, ಯಾರೂ ಅದನ್ನ ಕಿತ್ಕೊಳ್ಳಲ್ಲ.”

ಸಿಂಹ ಹೊರಟುಹೋದ. ಹತ್ತಿಯ ರಾಶಿಯ ಆಚೆ ಗಂಡನ ಕೋಲಿನ ಸದ್ದು ನಿಂತಿತ್ತು. ಮತ್ತೆ ಶುರುವಾಗಲು ತುಂಬ ಹೊತ್ತು ಹಿಡಿಯಿತು.

ಮುಂದಿನ ಬುಧವಾರ ಅತ್ತಿಗೆ ಮತ್ತೆ ಹಾಲಿಗೆ ಹೋದಾಗ ಗಂಡ ಅವಳಿಗಿಂತ ಮೊದಲೇ ಅಲ್ಲಿದ್ದ. ತನ್ನ ಡ್ರಮ್ಮುಗಳನ್ನೆಲ್ಲ ಹೊತ್ತು ತಂದು, ವೇದಿಕೆಯ ಹಿಂದೆ ಇಡುವುದನ್ನು ಬಿಟ್ಟು, ಮುಂದಿನ ಅಂಚಿಗೆ ಎಳೆಯುತ್ತಿದ್ದ. ಅವಳ ಮೈಕಿಗೂ ದೊಡ್ಡ ಡ್ರಮ್ಮಿಗೂ ನಡುವೆ ಒಬ್ಬಳು ನಿಲ್ಲುವಷ್ಟೇ ಜಾಗ ಉಳಿದಿತ್ತು.

“ರೀ, ಇಷ್ಟು ಮುಂದೆ ಯಾಕೆ ತಂದ್ರಿ? ನಾನೆಲ್ಲಿ ನಿಲ್ಲಲಿ?”

“ಅಲ್ಲೇ,” ಎಂದ ಗಂಡ.

ನೋಡೋಣ ಎನ್ನಲಿಲ್ಲ. ಅವಳು ಅವನ ಮುಖವನ್ನೊಮ್ಮೆ ನೋಡಿ, ಹೋಗಿ ಅಲ್ಲೇ ನಿಂತಳು.

ಅವತ್ತು ಹಾಲಿಗೆ ಬಂದವರಲ್ಲಿ ಹೆಚ್ಚಿನವರು ಸಿಂಹನ ಅಭಿಮಾನಿಗಳು, ಗೇಲಿ ಮಾಡಲೆಂದೇ ಬಂದವರು. ಅವರು ಸಿಂಹನನ್ನೂ ಎಳೆದು ತಂದಿದ್ದರು. ಅವನಿಗೆ ಬರಲು ಮನಸ್ಸಿರಲಿಲ್ಲ. ಆದರೆ ಹೆಗಲ ಮೇಲೆ ಹೊತ್ತವರಿಗೆ ಕೆಳಗಿಳಿಸಿ ಎಂದರೆ ಕೇಳುತ್ತಾರೆಯೇ? ಹೊತ್ತುಕೊಂಡು ವೇದಿಕೆಯ ಮೇಲೆಯೇ ಇಳಿಸಿ, ನಕಲಿಯ ಮುಂದೆ ಅಸಲಿ ಕೂಗಲಿ ಎಂದು ಗಲಾಟೆ ಎಬ್ಬಿಸಿದರು. ಸಿಂಹನ ಮುಖ ಒಗೆದ ಬಟ್ಟೆಯಂತಾಗಿತ್ತು. ಅತ್ತಿಗೆ ಒಂದು ಕುರ್ಚಿ ತಂದು ಜನರಿಗೆ ಎದುರಾಗಿ ಹಾಕಿದಳು. ಮೈಕಿನ ಹತ್ತಿರವಿದ್ದ ಲೋಟದ ತುಂಬ ನೀರು ಅವನ ಕೈಗಿಟ್ಟಳು. ಮೈಕು ಸರಿಸಿ ಮೆಲ್ಲಗೆ, ಆದರೆ ಮುಂದಿನ ಸಾಲಿಗೆ ಕೇಳುವಂತೆ ಹೇಳಿದಳು.

“ಒಂದೋ ನೀನು ಕೂಗು, ನಾನು ಕೆಳಗಿಳಿದು ಕೇಳ್ತೀನಿ. ಇಲ್ಲಾ ಬಾಯ್ತುಂಬ ನೀರು ಇಟ್ಕೊಂಡು ಕೂತ್ಕೋ.”

ಸಿಂಹ ಜನರನ್ನು ನೋಡಿದ, ಅಣ್ಣನನ್ನು ನೋಡಿದ. ಅಣ್ಣ ಕೋಲು ಎತ್ತಿ ಹಿಡಿದು ಕಾಯುತ್ತಿದ್ದ. ಸಿಂಹ ನೀರನ್ನು ಬಾಯಿಗೆ ತುಂಬಿಕೊಂಡ. ಎರಡೂ ಕೆನ್ನೆ ಊದಿ, ಕೂದಲು ಹಿಂದೆ ಸರಿಸಿ, ಉಗುಳಲೂ ಆಗದೆ ನುಂಗಲೂ ಆಗದೆ ಕೂತ.

ಹಾಡು ಶುರುವಾಯಿತು. ಕೂಗಿನ ಜಾಗ ಬಂತು. ಅತ್ತಿಗೆಯ ಕಾಲು ಮತ್ತೆ ಹಿಂದಕ್ಕೆ ಹೊರಟಿತು. ಹಿಮ್ಮಡಿ ಡ್ರಮ್ಮಿಗೆ ತಾಗಿ ಧಡ್ ಎಂದಿತು. ಇನ್ನೊಂದು ಕಾಲು ಹೊರಟಿತು, ಅದೂ ಧಡ್ ಎಂದಿತು. ಹಿಂದೆ ಹೋಗಲು ಜಾಗವಿರಲಿಲ್ಲ, ತಿರುಗಲು ಜಾಗವಿರಲಿಲ್ಲ. ಗಂಡ ಬಾರಿಸುವುದನ್ನು ನಿಲ್ಲಿಸದೆ ನೆಲ ನೋಡುತ್ತಿದ್ದ. ಅವಳು ಇದ್ದಲ್ಲೇ ನಿಂತು, ತಲೆಯೆತ್ತಿ, ಅಷ್ಟು ಮುಖಗಳ ಕಡೆಗೆ ಬಾಯಿ ತೆರೆದಳು.

ಬೆನ್ನು ಹಾಕಿ ಕೂಗಿದಾಗ ಮಾಡು ಗೇಣುದ್ದ ಏಳುತ್ತಿತ್ತೆಂದು ಹೇಳಿದೆನಲ್ಲ. ಎದುರು ನಿಂತು ಕೂಗಿದಾಗ ಅದು ಎದ್ದು ಪಕ್ಕದ ಬೀದಿಯನ್ನು ಒಂದು ಸುತ್ತು ಹಾಕಿ ಬಂತು. ಮುಂದಿನ ಸಾಲಿನವರ ತಲೆಗೂದಲು ಹಿಂದಕ್ಕೆ ಬಾಚಿದಂತಾಗಿ, ಅವರಲ್ಲಿ ಒಂದಿಬ್ಬರು ಈಗಲೂ ಬಾಚಣಿಗೆ ಬಳಸುವುದಿಲ್ಲ. ಎಲ್ಲರೂ ಅವಳ ಬಾಯಿ ನೋಡಿದರು, ಸಿಂಹನ ಊದಿದ ಕೆನ್ನೆ ನೋಡಿದರು, ಮತ್ತೆ ಅವಳ ಬಾಯಿ ನೋಡಿದರು. ಗಲಾಟೆ ಎಬ್ಬಿಸಿದವರ ಗಂಟಲಲ್ಲಿ ಗಲಾಟೆ ಅಲ್ಲೇ ಒಣಗಿತು. ಹಾಡು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಹೆಂಗಸು ಚಪ್ಪಾಳೆ ಶುರುಮಾಡಿದಳು. ಮನೆಯದೇ ಕೂಗು ಎಂದಿದ್ದಳಲ್ಲ, ಅದೇ ತಾಯಿ. ಆಕೆಗೆ ಆ ಚಪ್ಪಾಳೆಯಿಂದ ಹಳೆಯದೆಲ್ಲ ತೊಳೆದುಹೋಯಿತೆಂದು ಅನ್ನಿಸಿದ್ದರೆ ಅನ್ನಿಸಲಿ, ನಾನಂತೂ ಲೆಕ್ಕಕ್ಕೆ ಹಿಡಿದಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ನ್ಯಾಯವೆಂಬುದು ಇದ್ದಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಅಭಿಮಾನಿ ಎಂಬ ಪ್ರಾಣಿಯನ್ನು ನೀವು ಬಲ್ಲಿರಿ. ಜನ ಹೊರಡುವಾಗ ಬಾಗಿಲ ಬಳಿ ಒಬ್ಬ ದಪ್ಪ ಕನ್ನಡಕದವನು ಸಿಂಹನ ಕೈ ಹಿಡಿದುಕೊಂಡು, ಬಾಯಲ್ಲಿ ನೀರಿಟ್ಟುಕೊಂಡೇ ಅಷ್ಟು ಮೇಲೆ ಹೇಗೆ ಹೋದಿರಿ, ಇದು ಲೋಕದಲ್ಲಿ ಯಾರಿಗೂ ಸಾಧ್ಯವಿಲ್ಲ, ಎಂದು ಕಣ್ಣೊರೆಸಿಕೊಂಡ. ಅತ್ತಿಗೆ ಪಕ್ಕದಲ್ಲೇ ಗಿಟಾರ್ ಹೊತ್ತು ನಿಂತಿದ್ದಳು. ಸಿಂಹನ ಅಂಗಿ ನೀರಿನಿಂದ ಒದ್ದೆಯಾಗಿತ್ತು. ಅವನು ಅವಳ ಕಡೆ ನೋಡಿದ.

“ನಾನಲ್ಲ,” ಎಂದ ಸಿಂಹ. “ಅತ್ತಿಗೆ ಕೂಗಿದ್ದು. ಯಾವತ್ತೂ ಅವರೇ ಕೂಗಿದ್ದು.”

ಆ ಮಾತು ಅವನ ಬಾಯಿಂದ ಬರಲು ಹಲ್ಲು ಡಾಕ್ಟರ ಇಕ್ಕಳ ಬೇಕಾಗಿತ್ತು ಎಂದುಕೊಂಡಿದ್ದೆ, ತಾನಾಗಿ ಬಂತು. ಕನ್ನಡಕದವನು ಮಾತ್ರ ಇನ್ನಷ್ಟು ಗದ್ಗದನಾದ. ಎಂಥ ದೊಡ್ಡ ಮನಸ್ಸು ನೋಡಿ ಇವರದ್ದು, ತಮ್ಮ ಕೂಗನ್ನೇ ಅತ್ತಿಗೆಗೆ ದಾನ ಕೊಟ್ಟುಬಿಟ್ಟರು, ಎಂದು ಸುತ್ತ ನಿಂತವರಿಗೆಲ್ಲ ಹೇಳತೊಡಗಿದ.

ಅತ್ತಿಗೆ ಗಿಟಾರನ್ನು ಗಂಡನ ಕೈಗೆ ಕೊಟ್ಟಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಸ್ವಲ್ಪ ಹತ್ರ ಬಾಪ್ಪ,” ಎಂದು ಕನ್ನಡಕದವನನ್ನು ತೋಳಳತೆಯ ದೂರಕ್ಕೆ ಕರೆದಳು. ಅವನು ಬಂದ. ಅವಳು ಮೈಕಿಲ್ಲದೆ, ಗಿಟಾರಿಲ್ಲದೆ, ಅವನ ಕಣ್ಣನ್ನೇ ನೋಡುತ್ತ, ಆ ಕೂಗನ್ನು ಮೊದಲಿಂದ ಕೊನೆಯ ತನಕ ಒಂದೇ ಉಸಿರಿನಲ್ಲಿ ಪೂರ್ತಿ ಕೊಟ್ಟಳು. ಕನ್ನಡಕದ ಎರಡೂ ಗಾಜು ಅವನ ಅಂಗೈಗೆ ಉದುರಿದವು. ಅವನು ಬರಿಯ ಚೌಕಟ್ಟಿನಿಂದ ಅವಳನ್ನು ನೋಡುತ್ತ ನಿಂತ, ಬಹುಶಃ ಮೊದಲ ಸಲ.

“ಈಗ ಗೊತ್ತಾಯ್ತೇನಪ್ಪ?” ಎಂದಳು ಅತ್ತಿಗೆ.

“ಗೊತ್ತಾಯ್ತಮ್ಮ,” ಎಂದ ಅವನು.